ಎಡಗೈಯ ಗೀರುಗಳು

ಫೆಬ್ರವರಿ ೪

ತಮ್ಮಾ,

ಈ ಕಾಗದದ ಜೊತೆ ಬಂದಿರುವ ಭಾರದ ಪೊಟ್ಟಣವನ್ನು ಕಂಡು ಪುಸ್ತಕವೆಂದು ತಿಳಿಯಬೇಡ. ಅದು ತರಕಾರಿ ಹೆಚ್ಚುವ ಮಣೆ. ಹೆಂಡತಿ ತೀರಿಹೋದ ಮೇಲೆ ನೀನು ಊಟದ ತಟ್ಟೆಯ ಮೇಲೆಯೇ ಈರುಳ್ಳಿ ಹೆಚ್ಚುತ್ತೀಯ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಅರವತ್ತು ವರ್ಷದ ಗಂಡಸು, ಊರವರ ಕನ್ನಡಕಕ್ಕೆಲ್ಲ ಗಾಜು ಉಜ್ಜಿ ಕೊಡುವವನು, ಮನೆಯಲ್ಲಿ ಪಿಂಗಾಣಿ ತಟ್ಟೆಯ ಮೇಲೆ ಚಾಕು ಮೊಂಡು ಮಾಡಿಕೊಂಡು ಕೂತಿದ್ದಾನೆ. ನಾನೋ ಕಂಡಕಂಡವರ ಅಡುಗೆಮನೆಗೆಲ್ಲ ಮಣೆ ಮಾಡಿಕೊಡುವವಳು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೆ?

ಮರ ಯಾವುದು ಗೊತ್ತೆ? ಅಪ್ಪನ ಕೆಲಸದ ಮೇಜಿನದು. ಕಾಲುಗಳನ್ನು ಹುಳು ತಿಂದಿತ್ತು, ಮೇಲಿನ ಅಕ್ರೋಟು ಹಲಗೆ ಮಾತ್ರ ಕಬ್ಬಿಣದ ಹಾಗಿತ್ತು. ಮೂರು ಬೆರಳು ದಪ್ಪ. ಅದನ್ನು ದಪ್ಪದ ನಡುವೆ ಸೀಳಿದೆ, ಪುಸ್ತಕದ ಹಾಗೆ ತೆರೆದುಕೊಂಡಿತು. ಒಳಗಿನ ಎರಡೂ ಮುಖಗಳಲ್ಲಿ ಅದೇ ಗೆರೆ, ಅದೇ ಗಂಟು. ಒಂದರಲ್ಲಿ ಗಂಟು ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ಗಂಟು ಎಡಕ್ಕಿರುವುದು ನಿನಗೆ, ಬಲಕ್ಕಿರುವುದು ನನಗೆ. ನನ್ನದರ ಮೇಲೆ ಬೆಳಿಗ್ಗೆಯೇ ಕೋಸು ಹೆಚ್ಚಿ ಉದ್ಘಾಟನೆ ಮಾಡಿಯಾಯಿತು.

ಸೀಳಿದ ಎರಡು ಮುಖಗಳನ್ನು ಎರಡು ಮನೆಗೆ ಕೊಡಬಾರದು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೆ? "ಒಂದನ್ನೊಂದು ಹುಡುಕ್ಕೊಂಡು ಸೊಟ್ಟಗಾಗ್ತವೆ ಕಣಮ್ಮ" ಅನ್ನುತ್ತಿದ್ದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಒಲೆಗೆ ಹಾಕಿಬಿಡುತ್ತಿದ್ದರು. ಇಷ್ಟು ಚೆಂದದ ಮರವನ್ನು ಒಲೆಗೆ ಹಾಕಲು ನನಗೆ ಕೈ ಬರಲಿಲ್ಲ. ಸೊಟ್ಟಗಾದರೆ ವಾಪಸ್ಸು ಕಳಿಸು, ಹತ್ತರಿ ಹೊಡೆದು ಸಮ ಮಾಡಿಕೊಡುತ್ತೇನೆ.

ನೀರಿನಲ್ಲಿ ನೆನೆಹಾಕಬೇಡ, ಬಿಸಿಲಿಗೆ ಇಡಬೇಡ. ತಿಂಗಳಿಗೊಮ್ಮೆ ಎಣ್ಣೆ ಸವರಿ ಜೇನುಮೇಣ ಉಜ್ಜು. ಮೇಣದ ಡಬ್ಬಿ ಜೊತೆಯಲ್ಲೇ ಇದೆ. ನಿನ್ನ ಭಾವ ಹೊಲಿಗೆ ಬಿಟ್ಟು ಐದು ವರ್ಷವಾದರೂ ಟೇಪು ಬಿಟ್ಟಿಲ್ಲ. ಮಣೆಗೂ ಟೇಪು ಹಿಡಿದು "ಎಡಗಡೆ ಒಂದು ನೂಲು ಜಾಸ್ತಿ ಇದೆ" ಅಂದರು.

ಮಗಳ ಮನೆಗೆ ಯಾವಾಗ ಹೋಗುತ್ತೀಯ? ಕಿವಿ ಕೇಳಿಸದವನ ಜೊತೆ ಫೋನಿನಲ್ಲಿ ಕಿರುಚಲಾರೆ, ಬರೆದು ತಿಳಿಸು.

ಅಕ್ಕ

*

ಫೆಬ್ರವರಿ ೨೭

ಅಕ್ಕನಿಗೆ,

ಮಣೆ ತಲುಪಿತು. ಅಂಚೆಯವನು ಬಾಗಿಲು ಬಡಿದದ್ದು ಕೇಳಿಸದೆ ಎರಡು ಸಲ ವಾಪಸ್ಸು ಹೋಗಿ, ಮೂರನೇ ಸಲ ಅಂಗಡಿಗೇ ತಂದುಕೊಟ್ಟ. ಗಾಜು ಉಜ್ಜುವ ಯಂತ್ರದ ಪಕ್ಕ ನಲವತ್ತು ವರ್ಷ ನಿಂತದ್ದಕ್ಕೆ ಸಿಕ್ಕ ಬಹುಮಾನ ಈ ಕಿವಿ.

ಚೆನ್ನಾಗಿದೆ. ಅಪ್ಪನ ಮೇಜು ಎಂದು ಓದಿದ ಮೇಲೆ ಅದರ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ. ಅಡುಗೆಮನೆಯ ಕಿಟಕಿಯ ಕೆಳಗೆ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟಿದ್ದೇನೆ. ಸಂಜೆ ಬಂದು ಒಂದು ಈರುಳ್ಳಿ, ಒಂದು ಆಲೂಗಡ್ಡೆ ಹೆಚ್ಚುತ್ತೇನೆ.

ಒಂದು ಮಾತು. ಪೊಟ್ಟಣ ಬಿಚ್ಚಿದಾಗಲೇ ಮಣೆಯ ಮೇಲೆ ಸಣ್ಣ ಗೀರುಗಳಿದ್ದವು. ಭೂತಗನ್ನಡಿ ಹಿಡಿದು ನೋಡಿದೆ, ಚಾಕುವಿನದೇ. ನೀನು ಕೋಸು ಹೆಚ್ಚಿದ್ದನ್ನು ನನಗೆ ಕಳಿಸಿ ಹೊಸದನ್ನು ಇಟ್ಟುಕೊಂಡೆಯೋ ಹೇಗೆ? ತಮಾಷೆಗೆ ಕೇಳಿದೆ.

ಆರೋಗ್ಯ ಚೆನ್ನಾಗಿದೆ. ಮಗಳ ಮನೆಯ ವಿಷಯ ಆಮೇಲೆ ನೋಡೋಣ.

ನಿನ್ನ ತಮ್ಮ

*

ಮಾರ್ಚ್ ೧೨

ತಮ್ಮಾ,

ತಮಾಷೆಗಂತೆ. ನಾಲ್ಕು ಬಗೆಯ ಉಪ್ಪುಕಾಗದದಲ್ಲಿ ತಿಕ್ಕಿ, ಕೆನ್ನೆಗೆ ಒತ್ತಿ ನೋಡಿ, ಮಗುವಿನ ಬೆನ್ನಿನ ಹಾಗಿದೆ ಅನ್ನಿಸಿದ ಮೇಲೆ ಕಟ್ಟಿ ಕಳಿಸಿದ ಮಣೆ ಅದು. ಅದರಲ್ಲಿ ಗೀರು ಕಂಡದ್ದು ನಿನ್ನ ಭೂತಗನ್ನಡಿಯ ತಪ್ಪು, ನನ್ನದಲ್ಲ. ಮೊದಲ ದಿನವೇ ಈರುಳ್ಳಿ ಹೆಚ್ಚಿ ಮರೆತಿರುತ್ತೀಯ.

ಆದರೂ ಕೇಳಿದೆಯಲ್ಲ, ಅದಕ್ಕೆ ಹೇಳುತ್ತೇನೆ. ಮೂವತ್ತು ವರ್ಷದಿಂದ ಜನ ಸವೆದ ಮಣೆಗಳನ್ನು ನನ್ನ ಹತ್ತಿರ ತರುತ್ತಾರೆ. ಗೀರು ನೋಡಿದರೆ ಹೆಚ್ಚಿದವರ ಜಾತಕ ಹೇಳಬಲ್ಲೆ. ಅವಸರದವರ ಗೀರು ಮಣೆಯ ಅಂಚಿನಾಚೆ ಹೋಗುತ್ತದೆ. ಕೋಪಿಷ್ಠರದ್ದು ಒಂದೇ ಕಡೆ ಗುಳಿ ಬೀಳುತ್ತದೆ. ಗೀರಿನ ಸಾಲು ಎಷ್ಟು ಉದ್ದವಿದೆ ಎಂದು ನೋಡಿ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಎಂದೂ ಹೇಳಬಹುದು. ಬಲಗೈಯವರ ಗೀರು ಕೆಳಗೆ ಬಲದಿಂದ ಹೊರಟು ಮೇಲೆ ಎಡಕ್ಕೆ ವಾಲುತ್ತದೆ. ಎಡಗೈಯವರದ್ದು ತಿರುಗುಮುರುಗು, ಬಲಕ್ಕೆ ವಾಲುತ್ತದೆ. ಇದರಲ್ಲಿ ಮೋಸ ಮಾಡಲು ಯಾರಿಗೂ ಆಗುವುದಿಲ್ಲ.

ಒಂದು ಕೆಲಸ ಮಾಡು. ತೆಳು ಕಾಗದವನ್ನು ಮಣೆಯ ಮೇಲೆ ಹಾಸಿ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜು. ಗೀರುಗಳೆಲ್ಲ ಬಿಳಿ ಗೆರೆಯಾಗಿ ಮೂಡುತ್ತವೆ. ಅದನ್ನು ಕಳಿಸು. ಗೀರು ಯಾವ ಕಡೆಗೆ ವಾಲಿವೆ ಎನ್ನುವುದು ನನಗೆ ಬೇಕು. ಯಾಕೆಂದು ಕೇಳಬೇಡ.

ಅಕ್ಕ

*

ಏಪ್ರಿಲ್ ೨

ಅಕ್ಕನಿಗೆ,

ನೀನು ಹೇಳಿದಂತೆ ಉಜ್ಜಿದ ಕಾಗದ ಇದರೊಳಗಿದೆ. ನೋಡುವ ಮೊದಲು ನಾನು ಹೇಳುವುದನ್ನು ಓದು.

ಎರಡು ಬಗೆಯ ಗೀರುಗಳಿವೆ. ಎಡಕ್ಕೆ ವಾಲಿದ ದಪ್ಪ, ಅಡ್ಡಾದಿಡ್ಡಿ ಗೀರುಗಳು ನನ್ನವು. ಉಳಿದವು ಬಲಕ್ಕೆ ವಾಲಿವೆ, ನನ್ನವಕ್ಕಿಂತ ಹೆಚ್ಚಿವೆ. ದಿನಾ ಹೊಸವು ಬೀಳುತ್ತಿವೆ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗುವಾಗ ಇರುವುದಿಲ್ಲ, ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಇರುತ್ತವೆ. ಬೀಗ ಹಾಕಿದ ಮನೆ. ಚಾಕು ಒಣಗಿಯೇ ಇರುತ್ತದೆ. ಸೋಮವಾರ ಬೀನ್ಸ್ ತೊಳೆದು ಮಣೆಯ ಪಕ್ಕ ಇಟ್ಟು ಹೋದೆ. ಬೀನ್ಸ್ ಹಾಗೆಯೇ ಇತ್ತು, ಗೀರು ಮಾತ್ರ ಬಿದ್ದಿತ್ತು.

ಅಕ್ಕ, ಈ ಮನೆಯಲ್ಲಿ ಎಡಗೈಯವರು ಒಬ್ಬರೇ ಇದ್ದದ್ದು. ನಿನಗೂ ಗೊತ್ತು, ಅವಳಿಗೆ ಎಡಚಿ ಎಂದು ಹೆಸರಿಟ್ಟವಳೇ ನೀನು.

ನನಗೆ ಹೆದರಿಕೆಯಾಗಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ಊಟ ಮಾಡಿದೆ. ಈಗ ಹೋಗುವಾಗ ಚಾಕುವಿನ ಹಿಡಿ ಎಡಕ್ಕೆ ಬರುವಂತೆ ಇಟ್ಟು ಹೋಗುತ್ತೇನೆ. ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ನಿನಗೆ ಹೇಳಬೇಕೆನ್ನಿಸಿತು.

ನಿನ್ನ ತಮ್ಮ

*

ಏಪ್ರಿಲ್ ೧೦

ತಮ್ಮಾ,

ಸತ್ತವರು ತರಕಾರಿ ಹೆಚ್ಚುವುದಿಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೋ.

ಬೀಗದ ಇನ್ನೊಂದು ಕೈ ಯಾರ ಹತ್ತಿರವಿದೆ? ಪಕ್ಕದ ಮನೆಯವರ ಹತ್ತಿರ ಕೊಟ್ಟಿದ್ದೀಯಲ್ಲ. ಅವರ ಮನೆಯಲ್ಲಿ ಯಾರು ಎಡಗೈಯವರು ಎಂದು ವಿಚಾರಿಸು. ಮರ ಒಣಗುವಾಗಲೂ ಕೂದಲೆಳೆಯಂತೆ ಸೀಳು ಬಿಡುತ್ತದೆ, ನಿನ್ನಂಥವರಿಗೆ ಅದೂ ಗೀರಾಗಿ ಕಾಣುತ್ತದೆ. ಮಣೆಯನ್ನು ಎತ್ತಿ ಅಟ್ಟಕ್ಕೆ ಹಾಕಿ, ಮಗಳ ಮನೆಗೆ ಹೋಗು. ಒಬ್ಬನೇ ಕೂತು ಕೂತು ನಿನ್ನ ಮನಸ್ಸು ಕಂಡಲ್ಲೆಲ್ಲ ಅವಳನ್ನು ಹುಡುಕುತ್ತಿದೆ.

ನಾನು ಒರಟಾಗಿ ಬರೆದಿದ್ದೇನೆ, ಗೊತ್ತು. ನಿನ್ನ ಭಾವ ಓದಿ "ಇದೇನು ಕಾಗದನೋ ಬಾರುಕೋಲೋ" ಅಂದರು. ಆದರೂ ಹೀಗೆಯೇ ಹಾಕುತ್ತಿದ್ದೇನೆ.

ಅಕ್ಕ

*

ಮೇ ೨೦

ಅಕ್ಕನಿಗೆ,

ನಲವತ್ತು ದಿನ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ.

ಪಕ್ಕದ ಮನೆಯವರು ಊರಲ್ಲಿಲ್ಲ. ಅವರು ಹೊರಡುವ ಮೊದಲೇ ಬೀಗದ ಕೈ ವಾಪಸ್ಸು ತೆಗೆದುಕೊಂಡಿದ್ದೆ. ಸೀಳಿಗೂ ಗೀರಿಗೂ ವ್ಯತ್ಯಾಸ ಗೊತ್ತಿಲ್ಲದೆ ನಲವತ್ತು ವರ್ಷ ಗಾಜು ಉಜ್ಜಿಲ್ಲ. ಅಂಗಡಿಯ ಕೆಲಸ ಬಿಟ್ಟೆ. ಈಗ ಬೆಳಿಗ್ಗೆಯಿಂದ ಮಣೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ.

ಅಕ್ಕ, ನಾನು ಕಣ್ಣಾರೆ ಕಂಡೆ. ಸರಿಯಾಗಿ ಹತ್ತೂವರೆಗೆ ಶುರುವಾಗುತ್ತದೆ. ಖಾಲಿ ಮಣೆಯ ಮೇಲೆ ಕೂದಲೆಳೆಯಷ್ಟು ಸಪೂರದ ಗೆರೆಯೊಂದು ತೆರೆದುಕೊಳ್ಳುತ್ತದೆ. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು. ನಡುವೆ ಸ್ವಲ್ಪ ನಿಲ್ಲುತ್ತದೆ, ಹೆಚ್ಚಿದ್ದನ್ನು ಪಾತ್ರೆಗೆ ಸರಿಸುವಷ್ಟು ಹೊತ್ತು. ಮತ್ತೆ ಶುರುವಾಗುತ್ತದೆ. ಮಣೆಯ ಮೇಲೆ ಅಂಗೈ ಇಟ್ಟರೆ ಟಕ್ ಟಕ್ ಎಂದು ಮರ ನಡುಗುವುದು ತಿಳಿಯುತ್ತದೆ. ನನ್ನ ಕಿವಿಗೆ ಕೇಳಿಸದ್ದು ಕೈಗೆ ಕೇಳಿಸುತ್ತದೆ. ಒಮ್ಮೆ ಬೆರಳಿನ ಕೆಳಗೇ ಗೆರೆ ಹಾದುಹೋಯಿತು, ಚರ್ಮಕ್ಕೆ ಏನೂ ಆಗಲಿಲ್ಲ.

ಕಳೆದ ವಾರ ಮಗಳು ಬಂದಿದ್ದಳು. ನಿನಗೆ ಹೇಳದೆ ಮುಚ್ಚಿಟ್ಟ ವಿಷಯವನ್ನು ಅವಳೇ ಹೇಳುವ ಮೊದಲು ನಾನೇ ಹೇಳುತ್ತೇನೆ. ನನ್ನ ಎದೆಯ ಕವಾಟ ಕೆಟ್ಟಿದೆ. ಜನವರಿಯಲ್ಲೇ ಗೊತ್ತಾಗಿತ್ತು. ಜುಲೈ ಒಳಗೆ ಆಪರೇಷನ್ ಆಗದಿದ್ದರೆ ಆಮೇಲೆ ಮಾಡಿ ಪ್ರಯೋಜನವಿಲ್ಲ ಅನ್ನುತ್ತಾರೆ ಡಾಕ್ಟರು. ಅದು ಅವಳ ಊರಿನ ಆಸ್ಪತ್ರೆಯಲ್ಲೇ ಆಗಬೇಕು. "ಬಾ ಅಪ್ಪ, ಕೈ ಮುಗೀತೀನಿ" ಅಂದಳು. ನಾನು ಹೋಗಲಿಲ್ಲ.

ದಿನಾ ಹತ್ತೂವರೆಗೆ ಬರುವವಳನ್ನು ಬಿಟ್ಟು ಹೇಗೆ ಹೋಗಲಿ? ಇರುವಷ್ಟು ದಿನ ಇಲ್ಲೇ ಇರುತ್ತೇನೆ. ನೀನು ಬಯ್ಯಬೇಡ.

ನಿನ್ನ ತಮ್ಮ

*

ಜೂನ್ ೧

ತಮ್ಮಾ,

ನಿನ್ನ ಕಾಗದ ಓದಿದೆ. ಜನವರಿಯಿಂದ ಬಚ್ಚಿಟ್ಟಿದ್ದೀಯಲ್ಲ, ನಿನ್ನ ಕಿವಿ ಹಿಂಡಬೇಕು. ಆದರೆ ನಾನೂ ಸಾಚಾ ಅಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೇ.

ನನ್ನ ಮಣೆಯ ಮೇಲೂ ಎಡಗೈಯ ಗೀರುಗಳಿವೆ. ಫೆಬ್ರವರಿಯಿಂದಲೇ ಇವೆ. ಪ್ರತಿ ದಿನ ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಸಂಜೆ ಇಲ್ಲದ್ದು ನಾಲ್ಕಾರು ಬಿದ್ದಿರುತ್ತಿದ್ದವು. ನಿನಗೆ ನೆಮ್ಮದಿ ಕೊಟ್ಟದ್ದು ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ಅವಳು ನನ್ನ ಹತ್ತಿರ ಬರುವುದಕ್ಕೆ ಕಾರಣವಿದೆ.

ನಿಮ್ಮ ಮದುವೆಯಾದ ಹೊಸತರಲ್ಲಿ ನಮ್ಮಲ್ಲಿಗೆ ಬಂದಾಗ ಅವಳು ಎಡಗೈಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದಳು. "ನೋಡೋಕೇ ಆಗಲ್ಲ ಮಾರಾಯ್ತಿ" ಅಂತ ನಾನು ಚಾಕು ಕಿತ್ತು ಬಲಗೈಗೆ ಕೊಟ್ಟೆ. ನಾಲ್ಕು ಜನರ ಎದುರು. ಅವಳು ಬಲಗೈಯಲ್ಲಿ ಹೆಚ್ಚಲು ಹೋಗಿ ಹೆಬ್ಬೆರಳು ಕುಯ್ದುಕೊಂಡಳು. ನಿನಗೆ ಹೇಳಲಿಲ್ಲ, ಬಾಗಿಲು ತಗುಲಿತು ಅಂದಳು. ಆಮೇಲೆ ಎಡಚಿ ಎಂದು ಕರೆದು ಅದನ್ನು ತಮಾಷೆ ಮಾಡಿಬಿಟ್ಟೆ. ಅವಳು ಕೊನೆಯಲ್ಲಿ ಕಾಯಿಲೆಯಿಂದ ಮಲಗಿದಾಗ ಕೆಲಸದ ನೆಪ ಹೇಳಿ ನಾನು ಬರಲಿಲ್ಲ. ಕೆಲಸ ಇರಲಿಲ್ಲ. ಮುಖ ತೋರಿಸಲು ನಾಚಿಕೆಯಾಗಿತ್ತು, ಅಷ್ಟೆ. ಹೀಗಾಗಿ ಮಣೆಯ ಮೇಲೆ ಎಡಗೈ ಗೀರು ಕಂಡಾಗ ನಾನು ಮರ ನೋಡಲಿಲ್ಲ, ನನ್ನ ತಪ್ಪು ನೋಡಿದೆ. ಮೂವತ್ತು ವರ್ಷದ ಕಸುಬು ಅಲ್ಲೇ ಕೈಕೊಟ್ಟಿತು.

ಈಗ ಕೇಳು. ಮಾರ್ಚಿನಲ್ಲಿ ಒಂದು ದಿನ ನಾನು ಹೆಚ್ಚುತ್ತಿರುವಾಗ ನಿನ್ನ ಭಾವ ಹಿಂದಿನಿಂದ ಬಂದು ಕೆಮ್ಮಿದರು. ನನ್ನ ಚಾಕು ಜಾರಿ ಮಣೆಯ ಮೂಲೆಯಲ್ಲಿ ಕೊಕ್ಕೆಯಂಥ ಗೀರು ಬಿತ್ತು. ನಿನ್ನ ಕಾಗದ ಬಂದ ಮೇಲೆ, ನೀನು ಏಪ್ರಿಲಿನಲ್ಲಿ ಉಜ್ಜಿ ಕಳಿಸಿದ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ನಿನ್ನ ಮಣೆಯ ಮೂಲೆಯಲ್ಲೂ ಅದೇ ಕೊಕ್ಕೆ, ತಿರುಗುಮುರುಗಾಗಿ. ನನ್ನ ಮಣೆಯ ಗೀರುಗಳನ್ನೂ ಒಂದು ಹಾಳೆಯ ಮೇಲೆ ಉಜ್ಜಿದೆ. ನಿನ್ನ ಹಾಳೆಯನ್ನು ಮಗುಚಿ ಅದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಮಾರ್ಚಿನ ತನಕದ ಒಂದು ಗೀರೂ ಆಚೀಚೆ ಇರಲಿಲ್ಲ.

ಅದು ಒಂದೇ ಹಲಗೆ, ತಮ್ಮ. ತೆರೆದಿಟ್ಟ ಪುಸ್ತಕದ ಎರಡು ಮಗ್ಗುಲು. ಹೇಗೆ, ಯಾಕೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ನಾನು ಇಲ್ಲಿ ಬಲಗೈಯಲ್ಲಿ ಹೆಚ್ಚಿದ್ದು ಅಲ್ಲಿ ಕನ್ನಡಿಯ ಹಾಗೆ ತಿರುಗಿ ಎಡಗೈಯಾಗುತ್ತದೆ. ನೀನು ಸಂಜೆ ಹೆಚ್ಚಿದ್ದು ಬೆಳಿಗ್ಗೆ ನನಗೆ ಎಡಗೈಯಾಗಿ ಕಾಣುತ್ತದೆ. ನಾನು ದಿನಾ ಅಡುಗೆಗೆ ನಿಲ್ಲುವುದು ಹತ್ತೂವರೆಗೆ.

ನಂಬಿಕೆ ಬರದಿದ್ದರೆ ಜೂನ್ ಹದಿನೈದರಂದು ಹನ್ನೊಂದು ಗಂಟೆಗೆ ಮಣೆಯ ಮುಂದೆ ಕೂತಿರು. ನಾನು ಇಲ್ಲಿ ಒಂದು ಬಾಣ ಕೊರೆಯುತ್ತೇನೆ, ಮೂತಿ ಬಲಕ್ಕೆ. ನಿನ್ನಲ್ಲಿ ಅದು ಎಡಕ್ಕೆ ಮೂಡಿದರೆ ಬಟ್ಟೆಬರೆ ಕಟ್ಟಿಕೊಂಡು ಮಗಳ ಮನೆಗೆ ಹೊರಡು.

ಅಕ್ಕ

*

ಜೂನ್ ೧೭

ಅಕ್ಕನಿಗೆ,

ಬಾಣ ಬಂತು. ಎಡಕ್ಕೆ.

ಅವಳು ಒಮ್ಮೆ ಹೋದಾಗ ಮನೆ ತುಂಬ ಜನರಿದ್ದರು. ಈ ಸಲ ನಾನೊಬ್ಬನೇ ಸ್ಟೂಲಿನ ಮೇಲೆ ಕೂತು ನೋಡಿದೆ. ನೀನು ಮಾಡಿದ್ದು ಸರಿ. ಆದರೂ ಮಾಡಬಾರದಿತ್ತು ಅನ್ನಿಸುತ್ತದೆ. ಹೆಬ್ಬೆರಳಿನ ವಿಷಯ ನನಗೆ ಆಗಲೇ ಗೊತ್ತಿತ್ತು. ಅವಳು ನಿನ್ನ ಮೇಲೆ ಕೋಪ ಇಟ್ಟುಕೊಂಡಿರಲಿಲ್ಲ, ನಿನ್ನ ಮಣೆಗಳನ್ನು ಹೊಗಳುತ್ತಿದ್ದಳು. ಹೇಳಬೇಕೆನ್ನಿಸಿತು.

ಮಾತಿಗೆ ತಪ್ಪುವುದಿಲ್ಲ. ಈ ತಿಂಗಳ ಕೊನೆಗೆ ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಆಪರೇಷನ್ ಜುಲೈ ಇಪ್ಪತ್ತಕ್ಕೆ. ಅದಕ್ಕೆ ನಾನೇ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕಂತೆ.

ಮಣೆಯನ್ನು ಜೊತೆಗೆ ತೆಗೆದುಕೊಂಡು ಹೋಗುತ್ತೇನೆ, ಅಪ್ಪನ ಮರ, ನೀನು ಮಾಡಿದ್ದು. ಆದರೆ ನಾನು ಅದರ ಮೇಲೆ ಇನ್ನು ಹೆಚ್ಚುವುದಿಲ್ಲ. ನೀನೂ ನಿನ್ನದರ ಮೇಲೆ ಹೆಚ್ಚಬೇಡ. ಯಾರು ಹೆಚ್ಚಿದ್ದೆಂದು ಗೊತ್ತಿದ್ದರೂ ಗೀರು ಕಂಡರೆ ಎದೆ ಹಾರುತ್ತದೆ. ಈ ಎದೆಗೆ ಅದು ಒಳ್ಳೆಯದಲ್ಲ.

ನಿನ್ನ ತಮ್ಮ

*

ಜೂನ್ ೨೪

ತಮ್ಮಾ,

ನಿನ್ನ ಕಾಗದ ಬಂದ ದಿನವೇ ಮಣೆಯನ್ನು ಹಿಂದಿನ ಶೆಡ್ಡಿಗೆ ಒಯ್ದೆ. ಹತ್ತರಿ ಹೊಡೆದು ಗೀರೆಲ್ಲ ತೆಗೆದುಬಿಡೋಣ ಎಂದುಕೊಂಡೆ, ಧೈರ್ಯ ಬರಲಿಲ್ಲ. ಇಲ್ಲಿ ಹೊಡೆದರೆ ಅಲ್ಲೇನಾಗುತ್ತದೋ. ಗೀರು ಬಿದ್ದ ಮುಖಕ್ಕೆ ಇನ್ನೊಂದು ನುಣುಪಾದ ಹಲಗೆ ಒತ್ತಿ, ನಾಲ್ಕು ಮೂಲೆಗೆ ನಾಲ್ಕು ಕ್ಲಾಂಪು ಬಿಗಿದಿದ್ದೇನೆ. ನಡುವೆ ಕಾಗದದ ಹಾಳೆಯೂ ನುಗ್ಗಲಾರದು. ಈಗ ಅದರ ಮೇಲೆ ಹೆಚ್ಚಬೇಕೆಂದರೂ ಯಾರ ಕೈಯಲ್ಲೂ ಆಗುವುದಿಲ್ಲ.

ಮನೆಯಲ್ಲಿ ಬೇರೆ ಮಣೆಯೂ ಇಲ್ಲ. ಮಾಡಿದ್ದೆಲ್ಲ ಗಿರಾಕಿಗಳ ಮನೆ ಸೇರಿದೆ. ನಿನಗೆ ಬೈದದ್ದಕ್ಕೆ ನಾನೇ ಈಗ ತಟ್ಟೆಯ ಮೇಲೆ ಹೆಚ್ಚುತ್ತಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ. ನಿನ್ನ ಭಾವ ಕೋಸನ್ನು ಟೇಪು ಹಿಡಿದು ಅಳೆದು "ಒಂದು ತುಂಡು ಇಂಚು, ಒಂದು ತುಂಡು ಅರ್ಧ ಇಂಚು" ಅನ್ನುತ್ತಾರೆ.

ಅವಳು ಕೋಪ ಇಟ್ಟುಕೊಂಡಿರಲಿಲ್ಲ ಎಂದು ಬರೆದೆಯಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಹುಷಾರಾಗಿ ಹೋಗು. ನೀನು ಬದುಕಬೇಕು, ನನಗೆ ಇರುವವನು ನೀನೊಬ್ಬನೇ ತಮ್ಮ.

ಅಕ್ಕ

*

ಜುಲೈ ೬

ಅಕ್ಕನಿಗೆ,

ಮಗಳ ಮನೆಗೆ ಬಂದು ಆರು ದಿನವಾಯಿತು. ನನಗೊಂದು ಕೋಣೆ ಬಿಟ್ಟುಕೊಟ್ಟಿದ್ದಾಳೆ. ಕಿಟಕಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ. ಅಳಿಯ ಒಳ್ಳೆಯವನು, ನನಗೆ ಕೇಳಿಸಲಿ ಎಂದು ಜೋರಾಗಿ ಮಾತಾಡಿ ಅವನ ಗಂಟಲೇ ಕಟ್ಟಿದೆ.

ಮಣೆಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದ್ದೆ. ಗುರುವಾರ ಮಾತ್ರೆ ತೆಗೆಯಲು ಪೆಟ್ಟಿಗೆ ಎಳೆದಾಗ ಟವೆಲಿನ ಮೇಲೆ ಕೈ ಬಿತ್ತು. ಟಕ್ ಟಕ್ ಎಂದಿತು. ಬಿಚ್ಚಿ ನೋಡಿದೆ. ಹೊಸ ಗೀರುಗಳು. ಬಲಕ್ಕೆ ವಾಲಿವೆ, ಎಡಗೈಯವು. ನಿನ್ನೆ ಇನ್ನಷ್ಟು. ಈವತ್ತು ಬೆಳಿಗ್ಗೆ ಇನ್ನಷ್ಟು.

ಅಕ್ಕ, ನೀನು ಮತ್ತೆ ಹೆಚ್ಚುತ್ತಿದ್ದೀಯ? ಕ್ಲಾಂಪು ಬಿಗಿದಿದ್ದೇನೆ ಅಂದೆ. ತಟ್ಟೆಯ ಮೇಲೆ ಹೆಚ್ಚುವುದು ಬೇಸರವಾಗಿ ಬಿಚ್ಚಿಕೊಂಡಿರಬಹುದು, ಭಾವ ಗೊಣಗಿರಬಹುದು. ಹಾಗಿದ್ದರೆ ನನಗೆ ಕೋಪವಿಲ್ಲ. ಹೌದು ಎಂದು ಬರೆ, ಸಾಕು. ಇಪ್ಪತ್ತಕ್ಕೆ ಸಹಿ ಹಾಕುತ್ತೇನೆ.

ಇಲ್ಲ ಎಂದಾದರೆ ಅದನ್ನೂ ಬರೆ. ಅವಳು ಅಷ್ಟು ದೂರದಿಂದ ನನ್ನ ಹಿಂದೆ ಬಂದಿದ್ದಾಳೆ ಎಂದಾಯಿತು. ಬೇರೆಯವರ ಮನೆಯ ಮಂಚದ ಕೆಳಗೆ ಅವಳನ್ನು ಹೇಗೆ ಇಡಲಿ? ಮಣೆ ಎತ್ತಿಕೊಂಡು ನಮ್ಮ ಮನೆಗೆ ಹೊರಡುತ್ತೇನೆ. ಮಗಳು ಅಳುತ್ತಾಳೆ, ಅಳಲಿ. "ನಿನ್ನ ಸೋದರತ್ತೆ ಕಾಗದ ಬರೋ ತನಕ ತಡಿ" ಅಂತ ಹೇಳಿದ್ದೇನೆ.

ನೀನು ನನಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ನೀನು ಬರೆದದ್ದನ್ನು ನಂಬುತ್ತೇನೆ.

ನಿನ್ನ ತಮ್ಮ

*

ಜುಲೈ ೧೧ (ಅಂಚೆಗೆ ಹಾಕದ್ದು)

ತಮ್ಮಾ,

ಇಲ್ಲ. ನಾನು ಹೆಚ್ಚಿಲ್ಲ.

ನಿನ್ನ ಕಾಗದ ಓದಿ ನೇರವಾಗಿ ಶೆಡ್ಡಿಗೆ ಹೋದೆ. ನಾಲ್ಕು ಕ್ಲಾಂಪುಗಳೂ ನಾನು ಬಿಗಿದ ಹಾಗೆಯೇ ಇದ್ದವು, ತಿರುಪಿನ ಮೇಲೆ ಧೂಳು ಕೂತಿತ್ತು. ಬಿಚ್ಚಿದೆ. ಒತ್ತಿಟ್ಟಿದ್ದ ಹಲಗೆ ನುಣ್ಣಗಿದೆ. ಮಣೆಯ ಮೇಲೆ ಹೊಸ ಗೀರುಗಳಿವೆ, ಒಳಗಿನ ಮರ ಇನ್ನೂ ಹಸಿಯಾಗಿ ಹೊಳೆಯುತ್ತಿದೆ.

ಅವು ಎಡಕ್ಕೆ ವಾಲಿವೆ. ಬಲಗೈಯ ಗೀರುಗಳು. ಮೊದಲು ಸಮಾಧಾನವಾಯಿತು, ಆಮೇಲೆ ಅರ್ಥವಾಗಿ ಅಲ್ಲೇ ಮರದ ಹೊಟ್ಟಿನ ಮೇಲೆ ಕೂತುಬಿಟ್ಟೆ. ಇಲ್ಲಿ ಎಲ್ಲವೂ ತಿರುಗಿ ಕಾಣುತ್ತದೆಯಲ್ಲ. ನೀನು ಹೆಚ್ಚಿದ್ದರೆ ನನಗೆ ಎಡಗೈಯಾಗಿ ಕಾಣಬೇಕಿತ್ತು. ನನಗೆ ಬಲಗೈಯಾಗಿ ಕಂಡಿದೆ ಎಂದರೆ, ಅಲ್ಲಿ ನಿನ್ನ ಮಣೆಯ ಮೇಲೆ ಹೆಚ್ಚುತ್ತಿರುವವರು ನಿಜವಾಗಿಯೂ ಎಡಗೈಯವರು.

ನಿನ್ನ ಭಾವನ ಹತ್ತಿರ ತೋರಿಸಿದೆ. ಅವರಿಗೆ ಏನೂ ಹೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿ, "ಇದು ನಿನ್ನ ಕೈಯಲ್ಲ ಕಣೆ. ನೀನು ಯಾವತ್ತು ಇಷ್ಟು ಒಪ್ಪವಾಗಿ ಹೆಚ್ಚಿದೀಯ?" ಅಂದರು. ಟೇಪು ಹಿಡಿದರು. ಎಲ್ಲ ಗೀರುಗಳ ನಡುವೆಯೂ ಒಂದೇ ಅಂತರ. ದಿನಕ್ಕೊಂದರಂತೆ ಸಾಲು. ಸಾಲಿನ ಉದ್ದ ನೋಡಿ ನಾನು ಲೆಕ್ಕ ಹಾಕಿದೆ. ದಿನಾ ಇಬ್ಬರಿಗೆ ಆಗುವಷ್ಟು ಹೆಚ್ಚುತ್ತಿದ್ದಾಳೆ.

ನನಗೆ ಹೆದರಿಕೆಯಾಗುತ್ತಿದೆ. ಅವಳಿಗಲ್ಲ. ನಿನಗೆ ಇದನ್ನು ಕಳಿಸಿದರೆ ಏನಾಗುತ್ತದೆ ಎಂದು. ನೀನು ಮಣೆ ಎತ್ತಿಕೊಂಡು ಮನೆಗೆ ಹೋಗುತ್ತೀಯ. ಸ್ಟೂಲು ಹಾಕಿಕೊಂಡು ಕೂರುತ್ತೀಯ. ಸಂತೋಷವಾಗಿರುತ್ತೀಯ, ಎರಡು ತಿಂಗಳೋ ಮೂರು ತಿಂಗಳೋ. ಆಮೇಲೆ ಇಬ್ಬರ ಅಡುಗೆ ಸರಿಯಾಗಿ ಇಬ್ಬರಿಗೇ ಆಗುತ್ತದೆ.

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ನೀನು ಉಳಿಯುವುದಿಲ್ಲ. ಸುಳ್ಳು ಹೇಳಿದರೆ ಅವಳು ಬಂದದ್ದನ್ನು ನಾನು ಅಳಿಸಿಹಾಕಿದ ಹಾಗೆ. ಬದುಕಿದ್ದಾಗ ಅವಳ ಕೈಯ ಕೆಲಸವನ್ನು ನನ್ನ ಹಾಗೆ ತಿರುಗಿಸಲು ಹೋದೆ. ಈಗ ಅವಳ ಕೈಯ ಕೆಲಸವನ್ನೇ ನನ್ನದೆಂದು ಬರೆಯಬೇಕು.

ಅವಳು ಈ ಕಾಗದ ಓದಬಲ್ಲಳೋ ಇಲ್ಲವೋ ಗೊತ್ತಿಲ್ಲ. ಓದಿದರೆ, ತಾಯಿ, ಇವನನ್ನು ಸ್ವಲ್ಪ ದಿನ ನಮಗೆ ಬಿಡು. ನಿನ್ನ ಮಗಳಿಗೂ ಬೇಕು. ನನ್ನ ಮೇಲೆ ಕೋಪ ಬಂದರೆ ನನ್ನ ಹತ್ತಿರ ಬಾ.

*

ಜುಲೈ ೧೧

ತಮ್ಮಾ,

ಹೌದು, ನಾನೇ.

ನಿನ್ನ ಭಾವ ಊಟಕ್ಕೆ ಕೂತಾಗಲೆಲ್ಲ ತಟ್ಟೆಯ ಮೇಲೆ ಚಾಕು ಕಿರ್ ಅನ್ನುವ ಸದ್ದಿಗೆ ಹಲ್ಲು ಕಡಿಯುತ್ತಿದ್ದರು. ನನಗೂ ಕೈ ತಡೆಯಲಿಲ್ಲ. ಕಳೆದ ಗುರುವಾರ ಕ್ಲಾಂಪು ಬಿಚ್ಚಿ ಮಣೆ ಒಳಗೆ ತಂದೆ. ಬೀನ್ಸ್ ಹೆಚ್ಚಿದೆ, ಮರುದಿನ ಕ್ಯಾರೆಟ್, ಆಮೇಲೂ ದಿನಾ ಏನೋ ಒಂದು ಹೆಚ್ಚಿದೆ. ನಿನಗೆ ಮಾತು ಕೊಟ್ಟು ಮೂರು ವಾರವೂ ಆಗಿಲ್ಲ, ನಾಚಿಕೆಗೆಟ್ಟವಳು ಎಂದು ಬೈದುಕೋ. ಇಬ್ಬರಿಗೆ ಎಷ್ಟು ಬೇಕೋ ಅಷ್ಟೇ ಹೆಚ್ಚಿದ್ದು. ನೀನು ಬೇಕಾದರೆ ಸಾಲು ನೋಡಿ ಲೆಕ್ಕ ಹಾಕು, ನಾನು ಮತ್ತು ನಿನ್ನ ಭಾವ.

ಇನ್ನು ಮುಂದೆಯೂ ಹೆಚ್ಚುತ್ತೇನೆ ಎಂದು ಈಗಲೇ ಹೇಳಿಬಿಡುತ್ತೇನೆ. ಆದ್ದರಿಂದ ಗೀರು ಕಂಡರೆ ಗಾಬರಿಯಾಗಬೇಡ. ಯಾವ ಹೊತ್ತಿಗೆ ಬಿದ್ದರೂ, ಎಷ್ಟು ಬಿದ್ದರೂ ನಾನೇ ಎಂದು ತಿಳಿದುಕೋ. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿ ಆಸ್ಪತ್ರೆಗೆ ಹೋಗು. ಡಾಕ್ಟರು ಹೇಳಿದ ಹಾಗೆ ಕೇಳು. ಮಗಳ ಕೈ ಹಿಡಿದುಕೊಂಡಿರು.

ಆ ಗೀರುಗಳೆಲ್ಲ ನನ್ನವು. ಅಲ್ಲಿ ಬೇರೆ ಯಾರೂ ಇಲ್ಲ. ಸಹಿ ಹಾಕು.

ಅಕ್ಕ